ಬಿಸ್ಕಿಟ್ ಡಬ್ಬಿಯ ಬಯೋಸ್‌ಗಳು

ವಾಮದಪದವಿನ ನನ್ನ ಅಂಗಡಿಯ ಮೇಜಿನ ಕೆಳಗಿನ ಖಾನೆಯಲ್ಲಿ ಒಂದು ತಗಡಿನ ಬಿಸ್ಕಿಟ್ ಡಬ್ಬಿ ಉಂಟು. ಒಳಗೆ ಅರುವತ್ತಕ್ಕೂ ಹೆಚ್ಚು ಹಳೆಯ ಬಯೋಸ್ ಚಿಪ್‌ಗಳು, ಏಳೆಂಟು ಫ್ಲಾಪಿ, ಎರಡು ಪೆನ್‌ಡ್ರೈವ್, ಬಗ್ಗಿಸಿದ ಒಂದು ಸೇಫ್ಟಿ ಪಿನ್, ಒಂದು ಉಂಡೆ ನೈಲಾನ್ ದಾರ, ಮತ್ತೆ ನೀಲಿ ರಟ್ಟಿನ ಒಂದು ನೋಟ್‌ಪುಸ್ತಕ. 2003ರಲ್ಲಿ ಅಂಗಡಿ ಇಟ್ಟ ದಿನದಿಂದ ಯಾವ ಬೋರ್ಡಿನ ಬಯೋಸಿಗೆ ಕೈ ಹಾಕಿದರೂ ಅದರಲ್ಲಿ ಬರೆದಿದ್ದೇನೆ: ಬೋರ್ಡಿನ ಹೆಸರು, ಚಿಪ್‌ಸೆಟ್, ಹಳೆಯ ಬಯೋಸಿನ ತಾರೀಕು, ಹೊಸದರ ತಾರೀಕು, ಬರಹ ತಪ್ಪಿಲ್ಲವೆಂದು ತಾಳೆ ನೋಡುವ ಚೆಕ್‌ಸಮ್, ಬೋರ್ಡ್ ಬದುಕಿತೋ ಇಲ್ಲವೋ. ನಮ್ಮ ಕಡೆಯ ಬಸದಿಗಳಿಗೆ, ದೇವಸ್ಥಾನಗಳಿಗೆ, ಗುತ್ತಿನ ಮನೆಗಳಿಗೆ ಚರಿತ್ರೆ ಬರೆದವರಿದ್ದಾರೆ. ಕಂಪ್ಯೂಟರ್ ರಿಪೇರಿಯ ಕಸುಬು ಇಲ್ಲಿ ನಿನ್ನೆ ಮೊನ್ನೆಯದು. ಆದರೆ ಅದರ ಸಾಮಾನುಗಳು ಆಗಲೇ ಗುಜರಿಯವನ ಟೆಂಪೋ ಹತ್ತಿ ಮುಗಿಯುತ್ತಾ ಬಂದಿವೆ. ಅದಕ್ಕೇ ಇದನ್ನು ಬರೆಯಲು ಕೂತೆ.

ಬಯೋಸ್ ಎಂದರೆ ಏನು ಎಂದು ಕೇಳಿದವರಿಗೆ ನಾನು ಯಕ್ಷಗಾನದ ಚೌಕಿಯನ್ನು ತೋರಿಸುತ್ತೇನೆ. ಜನ ನೋಡುವುದು ರಂಗಸ್ಥಳವನ್ನು. ಅದಕ್ಕೆ ಮೊದಲು ಚೌಕಿಯಲ್ಲಿ ದೀಪ ಹಚ್ಚಬೇಕು, ಮದ್ದಳೆಯ ಶ್ರುತಿ ನೋಡಬೇಕು, ಯಾವ ವೇಷಧಾರಿ ಬಂದಿದ್ದಾನೆ ಯಾರು ಬಂದಿಲ್ಲ ಎಂದು ಲೆಕ್ಕ ಹಿಡಿಯಬೇಕು. ಕಂಪ್ಯೂಟರಿಗೆ ಕರೆಂಟ್ ಕೊಟ್ಟ ಕ್ಷಣದಲ್ಲಿ ಪ್ರೊಸೆಸರಿಗೆ ತನ್ನ ಸುತ್ತ ಏನಿದೆ ಎಂಬುದೇ ಗೊತ್ತಿರುವುದಿಲ್ಲ. ಮೆಮೊರಿ ಎಷ್ಟು, ಹಾರ್ಡ್‌ಡಿಸ್ಕ್ ಎಲ್ಲಿ, ಪರದೆ ಯಾವುದು ಎಂದು ಒಂದೊಂದಾಗಿ ಎಬ್ಬಿಸಿ ಹೇಳುವುದು ಬೋರ್ಡಿನ ಮೂಲೆಯಲ್ಲಿರುವ ಆ ಚಿಕ್ಕ ಚಿಪ್ಪಿನೊಳಗಿನ ಬರಹ. ಅಲ್ಲಿ ದೀಪ ಹತ್ತದಿದ್ದರೆ ವಿಂಡೋಸೂ ಇಲ್ಲ, ಲಿನಕ್ಸೂ ಇಲ್ಲ.

ಬಯೋಸ್ ಎಂಬ ಹೆಸರು ಇಟ್ಟವರು ಗ್ಯಾರಿ ಕಿಲ್ಡಾಲ್, 1975ರ ಹೊತ್ತಿಗೆ, ತಮ್ಮ ಸಿಪಿ/ಎಂ ಎಂಬ ವ್ಯವಸ್ಥೆಗಾಗಿ. 1981ರ ಆಗಸ್ಟಿನಲ್ಲಿ ಐಬಿಎಂ ತನ್ನ ಪಿಸಿ ತಂದಾಗ ಹೆಚ್ಚುಕಡಿಮೆ ಎಲ್ಲ ಬಿಡಿಭಾಗಗಳೂ ಪೇಟೆಯಲ್ಲಿ ಸಿಗುವಂಥವು. ಐಬಿಎಂ ತನ್ನದೇ ಎಂದು ಹಿಡಿದುಕೊಳ್ಳಬಹುದಾಗಿದ್ದದ್ದು ಮುಖ್ಯವಾಗಿ ಬಯೋಸನ್ನು. ಅದನ್ನು ಕದಿಯದೆ, ಹೊಸದಾಗಿ ತಾವೇ ಬರೆದುಕೊಂಡ ಕಂಪನಿಗಳಿಂದಾಗಿ ಅಸೆಂಬಲ್ಡ್ ಸೆಟ್ ಎಂಬ ವಸ್ತು ಹುಟ್ಟಿತು. ಫೀನಿಕ್ಸ್ ಒಂದು, ಅವಾರ್ಡ್ ಇನ್ನೊಂದು. ಮೂರನೆಯದು 1985ರಲ್ಲಿ ಸುಬ್ರಮೋಣಿಯನ್ ಶಂಕರ್ ಮತ್ತು ಪ್ಯಾಟ್ ಶರ್ಮಾ ಅಮೆರಿಕದಲ್ಲಿ ಕಟ್ಟಿದ ಅಮೆರಿಕನ್ ಮೆಗಾಟ್ರೆಂಡ್ಸ್, ನಾವು ಕಸುಬಿನವರು ಎಎಂಐ ಎನ್ನುವುದು. ನಮ್ಮ ಊರಿನ ಮುಕ್ಕಾಲು ಕಂಪ್ಯೂಟರುಗಳು ಕಣ್ಣು ತೆರೆದದ್ದು ಅವಾರ್ಡಿನ ಅಥವಾ ಎಎಂಐಯ ಬರಹದಿಂದ. ಕಪ್ಪು ಪರದೆಯ ಮೂಲೆಯಲ್ಲಿ ಎನರ್ಜಿ ಸ್ಟಾರ್ ಚಿಹ್ನೆ, ಎಡಬದಿಯಲ್ಲಿ ಏರುತ್ತಾ ಹೋಗುವ ಮೆಮೊರಿಯ ಲೆಕ್ಕ. ಅದನ್ನು ಕಂಡವರಿಗೆ ಮರೆಯುವುದಿಲ್ಲ.

ನಾನು ಈ ಕೆಲಸಕ್ಕೆ ಬಂದದ್ದು ರೇಡಿಯೋ ದಾರಿಯಿಂದ. ಸೋದರಮಾವನಿಗೆ ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಗೊತ್ತಿತ್ತು. ಅವನ ಪಕ್ಕ ಕೂತು ಸೋಲ್ಡರ್ ಹೊಡೆಯುವುದನ್ನು ಕಲಿತೆ. 1998ರಲ್ಲಿ ಮಂಗಳೂರಿನ ಒಂದು ಕಂಪ್ಯೂಟರ್ ಅಂಗಡಿಗೆ ಸೇರಿದೆ. ಒಂದು ವರ್ಷ ಬರೀ ಕೇಬಲ್ ಕಟ್ಟುವುದು, ಗಿರಾಕಿಗಳ ಮನೆಗೆ ಸೆಟ್ ಹೊತ್ತುಕೊಂಡು ಹೋಗುವುದು. ಬಯೋಸ್ ಮುಟ್ಟಲು ಬಿಡುತ್ತಿರಲಿಲ್ಲ. ಡಿಲೀಟ್ ಕೀ ಒತ್ತಿ ನೀಲಿ ಪರದೆಗೆ ಹೋದರೂ ಧಣಿಗಳು ದೂರದಿಂದಲೇ, "ಏ, ಅಲ್ಲಿ ಎಂತ ಮಾಡುದು ನೀನು?" ಎಂದು ಕೇಳುತ್ತಿದ್ದರು.

ಅದು ಬದಲಾದದ್ದು 1999ರ ಏಪ್ರಿಲ್ 26ರಂದು, ಸೋಮವಾರ. ಹಿಂದಿನ ವರ್ಷ ತೈವಾನಿನ ಚೆನ್ ಎಂಬ ವಿದ್ಯಾರ್ಥಿ ಬರೆದಿದ್ದ ಸಿಐಎಚ್ ವೈರಸ್ ಅಂದು ಎದ್ದಿತು. ಚೆರ್ನೋಬಿಲ್ ದುರಂತದ ದಿನವೂ ಅದೇ ಆದ್ದರಿಂದ ಜನ ಅದನ್ನು ಚೆರ್ನೋಬಿಲ್ ವೈರಸ್ ಎಂದರು. ಅದುವರೆಗೆ ನಾವು ಕಂಡ ವೈರಸ್‌ಗಳು ಫೈಲ್ ತಿನ್ನುತ್ತಿದ್ದವು. ಇದು ಹಾರ್ಡ್‌ಡಿಸ್ಕಿನ ಮೊದಲ ಭಾಗಕ್ಕೆ ಸೊನ್ನೆ ತುಂಬಿ, ಆಮೇಲೆ ಬಯೋಸ್ ಚಿಪ್ಪಿನ ಮೇಲೂ ಕಸ ಬರೆಯಲು ನೋಡುತ್ತಿತ್ತು. ಇಂಟೆಲ್ 430ಟಿಎಕ್ಸ್ ಚಿಪ್‌ಸೆಟ್ಟಿನ ಬೋರ್ಡುಗಳಲ್ಲಿ ಅದು ಸಾಧ್ಯವಾಗುತ್ತಿತ್ತು, ಪೇಟೆಯಲ್ಲಿ ಆಗ ಇದ್ದದ್ದೂ ಹೆಚ್ಚು ಅವೇ. ಮಂಗಳವಾರ ಬೆಳಗ್ಗೆ ಅಂಗಡಿಯ ಬಾಗಿಲಲ್ಲಿ ಸೆಟ್‌ಗಳ ಸಾಲು. ಫ್ಯಾನ್ ತಿರುಗುತ್ತದೆ, ಲೈಟ್ ಹತ್ತುತ್ತದೆ, ಪರದೆ ಮಾತ್ರ ಕಪ್ಪು.

ಧಣಿಗಳು ಅವತ್ತು ತೋರಿಸಿದ ಕೆಲಸವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಸರಿಯಿರುವ ಒಂದು ಬೋರ್ಡನ್ನು ಡಾಸ್‌ವರೆಗೆ ಎಬ್ಬಿಸಿದರು. ಅಷ್ಟು ಹೊತ್ತಿಗೆ ಬಯೋಸ್ ತನ್ನ ಬರಹವನ್ನು ಮೆಮೊರಿಗೆ ನಕಲು ಮಾಡಿಕೊಂಡಿರುತ್ತದೆ, ಚಿಪ್ಪಿನ ಅಗತ್ಯ ಆಮೇಲೆ ಇಲ್ಲ. ಎರಡು ಸಾಲು ಕಾಲುಗಳ ಆ ಉದ್ದ ಚಿಪ್ಪಿನ ಅಡಿಯಲ್ಲಿ ಮೊದಲೇ ನೈಲಾನ್ ದಾರ ತೂರಿಸಿಟ್ಟಿದ್ದರು. ಕರೆಂಟ್ ಓಡುತ್ತಿರುವಾಗಲೇ ದಾರದ ಎರಡೂ ತುದಿ ಹಿಡಿದು ಮೆಲ್ಲ ಮೇಲಕ್ಕೆತ್ತಿದರು. ಸತ್ತ ಬೋರ್ಡಿನ ಚಿಪ್ಪನ್ನು ಅದೇ ಜಾಗಕ್ಕೆ ಒತ್ತಿದರು. ಫ್ಲಾಪಿಯಿಂದ ಬರಹ ಹೊಡೆದರು. ತೆಗೆದು ಅದರ ಬೋರ್ಡಿಗೆ ಹಾಕಿದಾಗ ಒಂದು ಗಿಡ್ಡ ಬೀಪ್. ಮುಂದಿನ ಎರಡು ವಾರ ದಾರ ಎಳೆಯುವ ಕೆಲಸ ನನ್ನದಾಯಿತು. ಡಬ್ಬಿಯಲ್ಲಿರುವ ದಾರದುಂಡೆ ಅಂದಿನದು.

ಆ ಬೋರ್ಡುಗಳು ಬದುಕಿದ್ದು ಧಣಿಗಳ ಬಳಿ ಆ ಮಾಡೆಲ್‌ನ ಬರಹದ ಪ್ರತಿ ಫ್ಲಾಪಿಯಲ್ಲಿ ಇದ್ದದ್ದರಿಂದ. ಪ್ರತಿ ಇಲ್ಲದ ಮೂರು ಬೋರ್ಡುಗಳಿಗೆ ನಮ್ಮಿಂದ ಏನೂ ಮಾಡಲಾಗಲಿಲ್ಲ. ಚಿಪ್ಪು ಗಟ್ಟಿ, ಬೋರ್ಡೂ ಗಟ್ಟಿ, ಬರಹ ಒಂದೇ ಇಲ್ಲ. ಅವನ್ನು ಗೋಣಿಗೆ ಹಾಕಿದವನು ನಾನೇ. ಅಂದಿನಿಂದ ಒಂದು ಬೋರ್ಡ್ ಕೈಗೆ ಬಂದರೆ, ಬಂದ ಕಾರಣ ಯಾವುದೇ ಇರಲಿ, ಮೊದಲು ಬಯೋಸಿನ ಪ್ರತಿ ತೆಗೆದಿಡುತ್ತೇನೆ.

2003ರಲ್ಲಿ ಊರಿಗೆ ಬಂದೆ. ಪಹಣಿ ಪತ್ರ ಕಂಪ್ಯೂಟರಿನಿಂದ ಬರಲು ಶುರುವಾಗಿ ಒಂದೆರಡು ವರ್ಷ ಆಗಿತ್ತು, ಕಂಪ್ಯೂಟರ್ ಎಂದರೆ ಜನರಿಗೆ ನಂಬಿಕೆ ಹುಟ್ಟಿತ್ತು. ಆಗ ರಿಪೇರಿಯ ಅರ್ಧ ಫೋನಿನಲ್ಲೇ. ಪುಂಜಾಲಕಟ್ಟೆಯಿಂದಲೋ ವೇಣೂರಿನಿಂದಲೋ ಯಾರಾದರೂ ಲ್ಯಾಂಡ್‌ಲೈನಿನಿಂದ ಮಾಡಿದರೆ, "ಅಣ್ಣಾ, ರಿಸೀವರನ್ನು ಸಿಪಿಯು ಹತ್ತಿರ ಹಿಡೀರಿ, ಒಮ್ಮೆ ಆನ್ ಮಾಡಿ" ಎನ್ನುತ್ತಿದ್ದೆ. ಒಂದು ಉದ್ದ ಎರಡು ಗಿಡ್ಡ ಕೇಳಿದರೆ ಅವಾರ್ಡ್ ಬಯೋಸ್, ಡಿಸ್‌ಪ್ಲೇ ಕಾರ್ಡಿನ ತೊಂದರೆ. ನಿಲ್ಲದೆ ಉದ್ದುದ್ದಕ್ಕೆ ಕೂಗಿದರೆ ಮೆಮೊರಿ. ತೆಗೆದು, ಹಿತ್ತಾಳೆ ಬಣ್ಣದ ಹಲ್ಲುಗಳನ್ನು ರಬ್ಬರಿನಲ್ಲಿ ಉಜ್ಜಿ ಹಾಕಿ ಎಂದರೆ ಆಟಿಯ ಹಸಿಗೆ ಹಿಡಿದ ಕಿಲುಬು ಹೋಗಿ ಸರಿಯಾಗುತ್ತಿತ್ತು.

ನೋಟ್‌ಪುಸ್ತಕದ ಮೊದಲ ನಮೂದು ನಿವೃತ್ತ ಮಾಷ್ಟ್ರೊಬ್ಬರದು. 1998ರ ಸೆಟ್ಟಿಗೆ ಹೊಸ 40 ಜಿಬಿ ಹಾರ್ಡ್‌ಡಿಸ್ಕ್ ತಂದಿದ್ದರು. ಹಾಕಿದರೆ ಮೆಷಿನ್ ಡಿಸ್ಕ್ ಹುಡುಕುವಲ್ಲೇ ನಿಂತುಬಿಡುತ್ತದೆ. ಡಿಸ್ಕಿನದ್ದೇನೂ ತಪ್ಪಿರಲಿಲ್ಲ. 1999ರ ನಡುಭಾಗಕ್ಕಿಂತ ಹಿಂದಿನ ಅವಾರ್ಡ್ ಬಯೋಸ್‌ಗೆ 32 ಜಿಬಿಗಿಂತ ಮುಂದಕ್ಕೆ ಎಣಿಸಲು ಬರುತ್ತಿರಲಿಲ್ಲ. ಜಂಪರ್ ಹಾಕಿ ಡಿಸ್ಕನ್ನು 32ಕ್ಕೆ ಕತ್ತರಿಸಬಹುದಿತ್ತು. ಮಾಷ್ಟ್ರು ಒಪ್ಪಲಿಲ್ಲ. "ದುಡ್ಡು ನಾಲ್ವತ್ತಕ್ಕೆ ಕೊಟ್ಟಿದ್ದೇನೆ, ಎಂಟು ಯಾಕೆ ಬಿಡಬೇಕು ಮಾರಾಯಾ?" ಎಂದರು. ನ್ಯಾಯವೇ.

ಬೋರ್ಡಿನ ಮೇಲೆ ಕಂಪನಿಯ ಹೆಸರೇ ಇರಲಿಲ್ಲ. ಇಂಥ ಅನಾಥ ಬೋರ್ಡುಗಳ ಕುಲ ಗೋತ್ರ ಹಿಡಿಯುವ ಉಪಾಯ ಈಗಿನ ಹುಡುಗರಿಗೆ ಗೊತ್ತಿಲ್ಲ. ಆನ್ ಮಾಡಿದ ಕೂಡಲೆ ಪಾಜ್ (Pause) ಕೀ ಒತ್ತಬೇಕು, ಪರದೆ ನಿಲ್ಲುತ್ತದೆ. ತೀರಾ ಕೆಳಗೆ ಒಂದು ಸಾಲು: ಮೊದಲು ತಾರೀಕು, ಆಮೇಲೆ ಚಿಪ್‌ಸೆಟ್, ಕೊನೆಗೆ ಅಕ್ಷರ ಅಂಕೆ ಬೆರೆತ ಒಂದು ಕಟ್ಟು. ಆ ಕಟ್ಟಿನ ಆರನೆಯ ಮತ್ತು ಏಳನೆಯ ಅಕ್ಷರಗಳು ತಯಾರಿಸಿದವರ ಗುರುತು. ಎ0 ಇದ್ದರೆ ಆಸೂಸ್, ಎ1 ಅಬಿಟ್, ಜಿ0 ಗಿಗಾಬೈಟ್, ಎಂ4 ಎಂಎಸ್‌ಐ. ಅದನ್ನು ಚೀಟಿಯಲ್ಲಿ ಬರೆದುಕೊಂಡು ಬಿ.ಸಿ. ರೋಡಿನ ಸೈಬರ್ ಕೆಫೆಗೆ ಬಸ್ಸು ಹತ್ತಿದೆ. ಬಂದ ಫೈಲಿನ ಗಾತ್ರ 128 ಕಿಲೋಬೈಟ್. ಇವತ್ತು ಬೆಳಗ್ಗೆ ಎದ್ದರೆ ಮೊಬೈಲಿಗೆ ಬಂದು ಬೀಳುವ ಶುಭೋದಯದ ಚಿತ್ರ ಅದಕ್ಕಿಂತ ದೊಡ್ಡದಿರುತ್ತದೆ. ಇಡೀ ಬೋರ್ಡಿನ ಜೀವ ಅಷ್ಟರಲ್ಲಿ ಹಿಡಿಯುತ್ತಿತ್ತು. ಸಂಜೆ ಮಾಷ್ಟ್ರಿಗೆ ನಾಲ್ವತ್ತೂ ಸಿಕ್ಕಿತು.

ಇಲ್ಲಿ ಊರಿನ ನೆಲದ ಬಗ್ಗೆ ಒಂದು ಮಾತು ಹೇಳಬೇಕು. ಪದವು ಎಂದರೆ ಮುರಕಲ್ಲಿನ ಎತ್ತರದ ಬಯಲು. ಏಪ್ರಿಲ್, ಮೇ ಸಂಜೆಗಳಲ್ಲಿ, ಮತ್ತೆ ಮಳೆ ಹಿಂದೆ ಹೋಗುವ ಅಕ್ಟೋಬರಿನಲ್ಲಿ ಕಾರಿಂಜದ ಬಂಡೆಯ ಮೇಲಿಂದ ಮೋಡ ಏರಿ ಬಂದಿತೆಂದರೆ ಸಿಡಿಲು ಖಂಡಿತ. ಟೆಲಿಫೋನ್ ತಂತಿಯಲ್ಲಿ ಬಂದ ಸಿಡಿಲು ಮೊದಲು ಮೋಡೆಮ್ ಸುಡುತ್ತಿತ್ತು, ಹಾಗೇ ಬೋರ್ಡಿನೊಳಕ್ಕೂ ಇಳಿಯುತ್ತಿತ್ತು. ಸಿಡಿಲು ಬರುವ ಮೊದಲೇ ಕರೆಂಟ್ ಹೋಗುತ್ತಿತ್ತು. ಬಯೋಸ್ ಬರೆಯುವಾಗ ಮಾತ್ರ ಕರೆಂಟ್ ಹೋಗಲೇಬಾರದು: ಹಳೆಯದು ಅಳಿಸಿ ಆಗಿರುತ್ತದೆ, ಹೊಸದು ಅರ್ಧ ಬಂದಿರುತ್ತದೆ. ಮಂಗಳೂರಿನಲ್ಲಿ ಕಲಿತ ಕೆಲಸವನ್ನು ಇಲ್ಲಿ ಬೇರೆ ರೀತಿ ಕಲಿಯಬೇಕಾಯಿತು. ಮಧ್ಯಾಹ್ನ ದಾಟಿದ ಮೇಲೆ ಫ್ಲ್ಯಾಶ್, ಅಂದರೆ ಬಯೋಸ್ ಬರೆಯುವುದು, ಇಲ್ಲ, ಮೋಡ ಕಂಡರೆ ಇಲ್ಲ, ಯುಪಿಎಸ್ ರಾತ್ರಿಯಿಡೀ ಚಾರ್ಜ್ ಆಗಿರಬೇಕು.

2005ರ ಏಪ್ರಿಲಿನಲ್ಲಿ ಒಮ್ಮೆ ಆ ನಿಯಮ ಮುರಿದೆ. ಗಿರಾಕಿಗೆ ಅವಸರ, ನನಗೂ. ಪರದೆಯ ಮೇಲಿನ ಪಟ್ಟಿ ಮುಕ್ಕಾಲು ತುಂಬಿದಾಗ ಕರೆಂಟ್ ಹೋಯಿತು, ಯುಪಿಎಸ್ ಕೂಗಿ ಕೈಬಿಟ್ಟಿತು. ಮತ್ತೆ ಆನ್ ಮಾಡಿದರೆ ಪರದೆಯಲ್ಲಿ ಏನೂ ಇಲ್ಲ. ರಾತ್ರಿ ಹನ್ನೊಂದರವರೆಗೆ ಅದರ ಎದುರು ಕೂತೆ. ಆಗ ಗಮನಿಸಿದೆ, ಪ್ರತಿ ಸಲ ಆನ್ ಮಾಡಿದಾಗಲೂ ಫ್ಲಾಪಿ ಡ್ರೈವಿನ ಹಸಿರು ದೀಪ ಒಮ್ಮೆ ಹತ್ತಿ ಆರುತ್ತಿದೆ. ಅವಾರ್ಡ್ ಬಯೋಸಿನ ತಳದಲ್ಲಿ ಬೂಟ್‌ಬ್ಲಾಕ್ ಎಂಬ ಚಿಕ್ಕ ಭಾಗ ಅಳಿಯದೆ ಉಳಿಯುತ್ತದೆ. ಅದಕ್ಕೆ ಹೊಸ ಡಿಸ್‌ಪ್ಲೇ ಕಾರ್ಡುಗಳು ಕಾಣುವುದಿಲ್ಲ, ಹಳೆಯ ಐಎಸ್‌ಎ ಕಾರ್ಡ್ ಮತ್ತು ಫ್ಲಾಪಿ ಮಾತ್ರ ಗೊತ್ತು. ಉಸಿರು ಹೋಗಿಲ್ಲ ಎಂದು ಅದು ದೀಪದಲ್ಲಿ ಹೇಳುತ್ತಿತ್ತು. ಇನ್ನೊಂದು ಮೆಷಿನಿನಲ್ಲಿ ಡಾಸ್ ಫ್ಲಾಪಿ ಮಾಡಿ, ಬರೆಯುವ ಪ್ರೋಗ್ರಾಂ ಮತ್ತು ಫೈಲ್ ಹಾಕಿ, ಯಾರೂ ಕೀ ಒತ್ತದೆ ತಾನೇ ಶುರುವಾಗುವಂತೆ ಒಂದು ಸಾಲು ಬರೆದೆ. ಕಪ್ಪು ಪರದೆಯ ಮುಂದೆ ಕೂತು ಫ್ಲಾಪಿಯ ಗರಗರ ಸದ್ದನ್ನೇ ಕೇಳುತ್ತಾ ಕಾದೆ. ಸದ್ದು ನಿಂತಿತು, ಮೆಷಿನ್ ತಾನಾಗಿ ಆರಿ ಎದ್ದಿತು, ಬೀಪ್ ಬಂತು. ಆ ನಮೂದಿನ ಎದುರು ನಾನು ಬರೆದಿರುವುದು "ಬದುಕಿತು, 11.40" ಎಂದಷ್ಟೆ.

ಮುಂದಿನ ವರ್ಷಗಳಲ್ಲಿ ಬೋರ್ಡ್ ಉಳಿದು ಕಂಪನಿ ಹೋಗತೊಡಗಿತು. ಅಬಿಟ್ 2008ರ ಕೊನೆಗೆ ಮದರ್‌ಬೋರ್ಡ್ ನಿಲ್ಲಿಸಿತು. ಇಂಟೆಲ್ 2013ರ ಜನವರಿಯಲ್ಲಿ ಡೆಸ್ಕ್‌ಟಾಪ್ ಬೋರ್ಡುಗಳಿಂದ ಹಿಂದೆ ಸರಿಯುವುದಾಗಿ ಹೇಳಿತು. 845, 945, ಜಿ31, ಜಿ41 ಚಿಪ್‌ಸೆಟ್ಟಿನ ಇಂಟೆಲ್ ಬೋರ್ಡುಗಳು ನಮ್ಮ ಕಡೆ ಶಾಲೆ, ಸೊಸೈಟಿ, ಅಂಗಡಿ ಎಂದು ಎಲ್ಲ ಕಡೆ ಇದ್ದವು. 2019ರ ನವೆಂಬರ್ 22ರ ನಂತರ ಹಳೆಯ ಬೋರ್ಡುಗಳ ಬಯೋಸ್ ಫೈಲುಗಳು ಸಿಗುವುದಿಲ್ಲ ಎಂಬ ಸೂಚನೆ ಇಂಟೆಲ್ಲಿನ ಡೌನ್‌ಲೋಡ್ ಪುಟಗಳಲ್ಲೇ ಬಂತು. ಹೊಸ ಬೋರ್ಡ್ ಮಾಡುವುದು ಬಿಡುವುದು ಅವರವರ ವ್ಯಾಪಾರ. ಆದರೆ ದುಡ್ಡು ಕೊಟ್ಟು ಕೊಂಡವನ ಬೋರ್ಡಿನ ಬರಹವನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಸರಿಯಲ್ಲ ಎಂದು ನಾನು ಅಂದೂ ಹೇಳಿದ್ದೆ, ಇಂದೂ ಹೇಳುತ್ತೇನೆ. ಅಷ್ಟೇನೂ ಜಾಗ ಬೇಡುವ ಫೈಲುಗಳಲ್ಲ ಅವು. ಪುಣ್ಯಕ್ಕೆ ಎಲ್ಲೆಲ್ಲಿಯವರೋ ಆ ದಿನ ಬರುವ ಮೊದಲೇ ಅವನ್ನು ಇಳಿಸಿಕೊಂಡು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಇಟ್ಟರು. ನಾನೂ ಆ ವಾರ ನನ್ನ ನೋಟ್‌ಪುಸ್ತಕ ಎದುರಿಟ್ಟುಕೊಂಡು ನಮ್ಮ ಕಡೆ ಇರುವ ಮಾಡೆಲ್‌ಗಳನ್ನೆಲ್ಲ ಇಳಿಸಿದೆ. ಡಬ್ಬಿಯ ಎರಡು ಪೆನ್‌ಡ್ರೈವ್ ಅವೇ. ಎರಡರಲ್ಲೂ ಇರುವುದು ಒಂದೇ.

ಪ್ರತಿ ಮಾಡಿಡುವುದು ನಮ್ಮ ಸೀಮೆಗೆ ಹೊಸತಲ್ಲ. ಮೂಡುಬಿದಿರೆಯ ಗುರು ಬಸದಿಯಲ್ಲಿ ಧವಳಾ ಗ್ರಂಥದ ತಾಳೆಗರಿಗಳಿವೆ. ಒಂಬತ್ತನೆಯ ಶತಮಾನದ ವೀರಸೇನಾಚಾರ್ಯರು ಷಟ್ಖಂಡಾಗಮ ಎಂಬ ಜೈನ ಗ್ರಂಥಕ್ಕೆ ಬರೆದ ವ್ಯಾಖ್ಯಾನ ಅದು, ಗರಿಯ ಮೇಲಿರುವುದು ಹಳೆಯ ಕನ್ನಡ ಲಿಪಿ. ಬೇರೆ ಕಡೆಯ ಪ್ರತಿಗಳೆಲ್ಲ ಹೋಗಿ ಇಲ್ಲಿಯದು ಉಳಿದಿತ್ತು. 1896ರಲ್ಲಿ ಅದರ ನಕಲು ಶುರುವಾಯಿತು. ನಕಲಿಗೆ ಬಂದಿದ್ದ ಗಜಪತಿ ಶಾಸ್ತ್ರಿಗಳು ಮನೆಯಲ್ಲಿ ಹೆಂಡತಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿ ಮಾಡಿಕೊಂಡರು. ಅದು ಉತ್ತರದ ಸಹಾರನ್‌ಪುರಕ್ಕೆ ಹೋಯಿತು, ಅಲ್ಲಿಂದ ಪ್ರತಿಯಿಂದ ಪ್ರತಿಯಾಗಿ ಹರಡಿತು, 1939ರಿಂದ ಹೀರಾಲಾಲ್ ಜೈನರ ಸಂಪಾದನೆಯಲ್ಲಿ ಅಚ್ಚಾಗತೊಡಗಿತು. ಲಕ್ಷ್ಮೀಬಾಯಿಯವರ ಹೆಸರನ್ನು ಓದಿದ ದಿನ ನಾನು ಬಹಳ ಹೊತ್ತು ಆ ಪುಟದಲ್ಲೇ ಇದ್ದೆ. ಗ್ರಂಥದ ಘನತೆಯನ್ನೂ ನನ್ನ 128 ಕಿಲೋಬೈಟನ್ನೂ ಒಂದು ತಕ್ಕಡಿಗೆ ಹಾಕುತ್ತಿಲ್ಲ. ಕತ್ತಲಾದ ಮೇಲೆ ದೀಪದ ಎದುರು ಕೂತು ಒಂದಕ್ಷರವೂ ತಪ್ಪದಂತೆ ನಕಲು ಮಾಡುವ ಆ ಭಯ ಮಾತ್ರ ನನಗೆ ಗೊತ್ತು.

ಹಳೆಯದನ್ನು ಯಾಕೆ ಹಿಡಿದುಕೊಂಡು ಕೂರಬೇಕು, ಹೊಸದು ಕೊಂಡರಾಯಿತಲ್ಲ ಎಂದು ಕೇಳುವವರಿದ್ದಾರೆ. ಅವರಿಗೆ ನಾನು ಡಿಟಿಪಿ ಮಾಡುವ ಒಬ್ಬ ಅಕ್ಕನ ಮೆಷಿನ್ ತೋರಿಸುತ್ತೇನೆ. ಮದುವೆಯ ಕಾಗದ, ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನ ಬಯಲಾಟದ ಕರಪತ್ರ, ಇಪ್ಪತ್ತು ವರ್ಷದ್ದೆಲ್ಲ ಅದರೊಳಗಿದೆ. ಪೇಜ್‌ಮೇಕರಿನಲ್ಲಿ, ಯುನಿಕೋಡಿಗಿಂತ ಹಿಂದಿನ ಕನ್ನಡ ಅಕ್ಷರಗಳಲ್ಲಿ. ಆ ಅಕ್ಷರಗಳ ತಂತ್ರಾಂಶ ಏಳಬೇಕಾದರೆ ಪ್ಯಾರಲಲ್ ಪೋರ್ಟಿಗೆ ಬೆರಳುದ್ದದ ಡಾಂಗಲ್ ಸಿಕ್ಕಿಸಿರಬೇಕು. ಹೊಸ ಬೋರ್ಡುಗಳಲ್ಲಿ ಆ ಪೋರ್ಟ್ ಸಿಗುವುದೇ ಅಪರೂಪ. ಬೋರ್ಡ್ ಹೋದರೆ ಡಾಂಗಲ್ ಹೋಯಿತು, ಡಾಂಗಲ್ ಹೋದರೆ ಅಕ್ಷರ ಹೋಯಿತು. ಎರಡು ಸಲ ಕೆಪಾಸಿಟರ್ ಬದಲಿಸಿದ್ದೇನೆ, ಒಂದು ಸಲ ಬಯೋಸ್ ಹೊಡೆದಿದ್ದೇನೆ. ಗುಂಡಿಯಂಥ ಸಿಆರ್2032 ಸೆಲ್ಲನ್ನು ಮಾತ್ರ ಅಕ್ಕ ಈಗ ತಾವೇ ಬದಲಿಸುತ್ತಾರೆ.

ದಾರದ ಕಾಲ ಮುಗಿದು ಈಗ ಕ್ಲಿಪ್ಪಿನ ಕಾಲ. ಬಯೋಸ್ ಚಿಪ್ಪು ಎಂಟೇ ಕಾಲುಗಳ, ಅಕ್ಕಿಕಾಳಿಗಿಂತ ಸ್ವಲ್ಪ ಅಗಲದ ತುಂಡಾಗಿದೆ. ಸಿಎಚ್341ಎ ಎಂಬ ಪ್ರೋಗ್ರಾಮರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಕ್ಲಿಪ್ಪು ಕಚ್ಚಿಸಿ ಸತ್ತ ಬೋರ್ಡಿಗೂ ಬರೆಯಬಹುದು. ಆದರೆ ಅದರ ಅಗ್ಗದ ಕಪ್ಪು ಬೋರ್ಡುಗಳಲ್ಲಿ ಒಂದು ಅಪಾಯ ಉಂಟು. 3.3 ವೋಲ್ಟಿನ ಚಿಪ್ಪಿನ ತಂತಿಗಳಿಗೆ 5 ವೋಲ್ಟ್ ಬರುತ್ತದೆ. ಮಲ್ಟಿಮೀಟರ್ ಇಟ್ಟು ನೋಡಿ, ಸರಿಪಡಿಸಿಕೊಂಡ ಮೇಲೆಯೇ ನಾನು ಅದನ್ನು ಗಿರಾಕಿಯ ಬೋರ್ಡಿಗೆ ಹಚ್ಚಿದ್ದು. ಎರಡು ಸಲ ಓದಬೇಕು, ಎರಡೂ ಓದು ಒಂದೇ ಇದ್ದರೆ ಮಾತ್ರ ಬರೆಯಬೇಕು.

ಕಳೆದ ತಿಂಗಳು ಡಿಗ್ರಿ ಓದುವ ಹುಡುಗನೊಬ್ಬ ಜಿ41 ಬೋರ್ಡಿನ ಸೆಟ್ ತಂದ. ಹೊಸ ಲ್ಯಾಪ್‌ಟಾಪಿಗೆ ಮನೆಯಲ್ಲಿ ಅನುಕೂಲವಿಲ್ಲ, ಅಮ್ಮ ಬೀಡಿ ಕಟ್ಟುವವರು. ಅವನ ಕೈಯಲ್ಲಿ ಒಂದು ಝಿಯಾನ್ ಇ5450 ಪ್ರೊಸೆಸರ್. 2007ರಲ್ಲಿ ದೊಡ್ಡ ಸರ್ವರುಗಳಿಗೆಂದು ಬಂದದ್ದು, ನಾಲ್ಕು ಕೋರ್, 12 ಎಂಬಿ ಕ್ಯಾಶೆ, ಈಗ ಗುಜರಿ ಬೆಲೆ. ಅದರ ಸಾಕೆಟ್ ಬೇರೆ, 771. ಬೋರ್ಡಿನದು 775. ಎರಡು ಪಿನ್‌ಗಳನ್ನು ಅದಲು ಬದಲು ಮಾಡುವ ಸಣ್ಣ ಸ್ಟಿಕರ್ ಅಂಟಿಸಿ, ಅಂಚಿನಲ್ಲಿ ಹೊಸ ಕಚ್ಚು ಕೊಯ್ದರೆ ಕೂರುತ್ತದೆ. ಅಷ್ಟನ್ನು ಹುಡುಗನೇ ಮಾಡಿಕೊಂಡು ಬಂದಿದ್ದ, ಅಚ್ಚುಕಟ್ಟಾಗಿ. ಆನ್ ಮಾಡಿದರೆ ಎಎಂಐಯ ಪರದೆಯಲ್ಲಿ ಮೈಕ್ರೋಕೋಡ್ ಲೋಡ್ ಆಗಲಿಲ್ಲ, ಮುಂದುವರಿಯಲು ಎಫ್1 ಒತ್ತಿ ಎಂಬ ಸಾಲು.

ಪ್ರತಿ ಪ್ರೊಸೆಸರಿಗೂ ಅದರ ತಿದ್ದುಪಡಿಗಳ ಒಂದು ಚಿಕ್ಕ ಕಟ್ಟು ಇರುತ್ತದೆ, ಅದೇ ಮೈಕ್ರೋಕೋಡ್. ಬಯೋಸ್ ಅದನ್ನು ಎದ್ದ ಕೂಡಲೆ ಪ್ರೊಸೆಸರಿಗೆ ಕೊಡಬೇಕು. ಈ ಬೋರ್ಡಿನ ಬಯೋಸಿನಲ್ಲಿ ಝಿಯಾನಿನ ಕಟ್ಟು ಇಲ್ಲ, ಕಂಪನಿ ಎಂದೂ ಹಾಕುವುದೂ ಇಲ್ಲ. ನಾವೇ ಸೇರಿಸಬೇಕು. ಚಿಪ್ಪನ್ನು ಎರಡು ಸಲ ಓದಿದೆ, 1 ಎಂಬಿಯ ಫೈಲ್. ಎಎಂಐ ಬಯೋಸ್ ಬಿಚ್ಚುವ ಎಂಎಂಟೂಲ್ ಎಂಬ ಸಾಧನದಿಂದ ಕಟ್ಟನ್ನು ಒಳಗಿಟ್ಟೆ. ಹುಡುಗ ಪಕ್ಕದಲ್ಲೇ ನಿಂತಿದ್ದ, ನಾನು ಮಾವನ ಪಕ್ಕ ಕೂರುತ್ತಿದ್ದ ಹಾಗೆ. ಬೆಳಗ್ಗೆ ಹತ್ತೂವರೆ, ಆಕಾಶ ತಿಳಿ, ಯುಪಿಎಸ್ ತುಂಬಿತ್ತು. ಬರೆದೆ, ಮತ್ತೆ ಓದಿ ಹೋಲಿಸಿದೆ, ಕ್ಲಿಪ್ಪು ತೆಗೆದೆ. ಎಫ್1 ಕೇಳದೆ ಎದ್ದಿತು, ನಾಲ್ಕೂ ಕೋರ್.

ಅವನಿಗೆ ಹೇಳಬೇಕಾದದ್ದನ್ನು ಹೇಳಿದೆ. ಬೋರ್ಡ್ ಚಿಕ್ಕದು, ಪ್ರೊಸೆಸರ್ 80 ವ್ಯಾಟಿನದು, ಪಕ್ಕದ ಹೀಟ್‌ಸಿಂಕ್ ಮುಟ್ಟಿ ನೋಡುತ್ತಿರು, ಸುಟ್ಟರೆ ಫ್ಯಾನ್ ಹಾಕೋಣ. 2018ರಲ್ಲಿ ಪ್ರೊಸೆಸರುಗಳಲ್ಲಿ ಸ್ಪೆಕ್ಟರ್ ಎಂಬ ಲೋಪ ಹೊರಬಂದಾಗ, ಆ ವರ್ಷದ ಏಪ್ರಿಲಿನಲ್ಲೇ ಇಂಟೆಲ್ ಈ ಪೀಳಿಗೆಗೆ ತಿದ್ದುಪಡಿ ಕೊಡುವುದಿಲ್ಲ ಎಂದಿತು. ಆದ್ದರಿಂದ ಬ್ಯಾಂಕಿನ ವ್ಯವಹಾರ ಇದರಲ್ಲಿ ಬೇಡ, ಕಲಿಕೆಗೆ ಇಟ್ಟುಕೊ. ಲಿನಕ್ಸ್ ಹಾಕಿ ಕೊಟ್ಟೆ.

"ಅಣ್ಣಾ, ಆ ಫೈಲ್ ನನಗೂ ಒಂದು ಕಾಪಿ ಕೊಡ್ತೀರಾ?" ಎಂದು ಕೇಳಿದ. ಅವನ ಪೆನ್‌ಡ್ರೈವಿಗೆ ಹಳೆಯದು ಒಂದು, ಹೊಸದು ಒಂದು ಹಾಕಿದೆ, ಡಬ್ಬಿಯ ಎರಡಕ್ಕೂ ಹಾಕಿದೆ. ನೋಟ್‌ಪುಸ್ತಕ ತೆಗೆದು ಬೋರ್ಡಿನ ಹೆಸರು, ತಾರೀಕು, ಚೆಕ್‌ಸಮ್ ಬರೆದೆ. ಚೆಕ್‌ಸಮ್ಮಿನ ಅಂಕಿಗಳನ್ನು ಪರದೆ ನೋಡಿ ಅವನು ಒಂದೊಂದಾಗಿ ಓದಿ ಹೇಳಿದ, ನಾನು ಬರೆದುಕೊಂಡೆ.